ನೀರಿಗೆ ಅಪ್ಪಣೆ, ಬೆಳಕಿಗೆ ಪರವಾನಗಿ

ರೇಡಿಯೊ ಇಟ್ಟುಕೊಳ್ಳುವುದಕ್ಕೂ ಒಂದು ಕಾಲದಲ್ಲಿ ಲೈಸೆನ್ಸು ಬೇಕಾಗಿತ್ತೆಂದರೆ ಇಂದಿನ ಎಳೆಯರು ನಂಬಲಾರರು. ಅಂಚೆಕಚೇರಿಯಲ್ಲಿ ಕೊಡುತ್ತಿದ್ದ ಪುಟ್ಟದೊಂದು ಪುಸ್ತಕ. ವರ್ಷ ತಿರುಗುತ್ತಲೇ ಹಣ ಕಟ್ಟಿ ಅದನ್ನು ನವೀಕರಿಸಿಕೊಂಡು ಬರಬೇಕು. 1980ರ ದಶಕದಲ್ಲಿ ಆ ಪದ್ಧತಿ ನಿಂತುಹೋಯಿತು. ಹಾಡು, ಸುದ್ದಿ, ಹವಾಮಾನ ಹೇಳುವ ಒಂದು ಪೆಟ್ಟಿಗೆಯ ವಿಷಯದಲ್ಲಿ ಸರಕಾರಕ್ಕೆ ಅಷ್ಟೊಂದು ಎಚ್ಚರವಿತ್ತು. ಆದರೆ ಆ ಪೆಟ್ಟಿಗೆಗೆ ಜೀವ ಕೊಡುವ ವಿದ್ಯುತ್ತನ್ನು ಹುಟ್ಟಿಸುವುದಕ್ಕಾಗಿ ಒಂದು ನದಿಯನ್ನು ತಡೆದು ನಿಲ್ಲಿಸುವಾಗ, ಒಂದು ಕಣಿವೆಯನ್ನೇ ಮುಳುಗಿಸುವಾಗ, ಅಪ್ಪಣೆ ಕೊಡುವವರು ಯಾರು? ಆ ಅಪ್ಪಣೆ ಎಷ್ಟು ಕಾಲದ್ದು? ಅವಧಿ ಮುಗಿದಾಗ ಯಾರು ಯಾರನ್ನು ಮತ್ತೆ ಕೇಳಬೇಕು? ಈ ಪ್ರಶ್ನೆಗಳಿಗೆ ನಮ್ಮ ನಾಡಿನಲ್ಲಿ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯನ್ನು ಬೆಳಗೋಡಿನ ಗುಡ್ಡಗಳ ಕಡೆಯಿಂದ ನಿಂತು ನೋಡುವುದು ಇಂದಿನ ನನ್ನ ಉದ್ದೇಶ.

ಬೆಳಗೋಡು ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಒಂದು ಹೋಬಳಿ. ಕಿವಿಗೆ ಬೆಳಕಿನ ಹೆಸರಾಗಿಯೇ ಕೇಳುವ ಈ ಊರಿನ ಸುತ್ತಿನ ಸೀಮೆ ನೀರಿನ ಎರಡು ಲೋಕಗಳ ನಡುವೆ ಇದೆ. ಇತ್ತ ಹೇಮಾವತಿ ಮೂಡಲಿಗೆ ಹರಿದು ಕಾವೇರಿಯನ್ನು ಸೇರುತ್ತಾಳೆ. ತಾಲ್ಲೂಕಿನ ಪಡುವಣ ಅಂಚಿನಲ್ಲಿ ಹುಟ್ಟುವ ಎತ್ತಿನಹೊಳೆ, ಕೆಂಪುಹೊಳೆ, ಹೊಂಗಡಹಳ್ಳದ ತೊರೆಗಳು ಘಟ್ಟದಿಂದ ಧುಮುಕಿ ಗುಂಡ್ಯ ಹೊಳೆಯಾಗಿ, ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಒಂದಾಗಿ ಪಡುಗಡಲಿಗೆ ಇಳಿಯುತ್ತವೆ. 1956ರವರೆಗೆ ಈ ಬೆಟ್ಟಸಾಲೇ ಆಡಳಿತದ ಗಡಿಯೂ ಆಗಿತ್ತು. ಮೇಲಿನದು ಮೈಸೂರು, ಕೆಳಗಿನ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದು. ಒಂದೇ ಮಳೆ ಎರಡು ಸರಕಾರಗಳ ಕಾನೂನಿನ ಮೇಲೆ ಸುರಿಯುತ್ತಿತ್ತು.

ಅಪ್ಪಣೆಯೆಂಬುದು ವಿದ್ಯುತ್ತಿನೊಡನೆ ಹುಟ್ಟಿದ್ದಲ್ಲ. ನೀರನ್ನು ಕಟ್ಟಿ ನಿಲ್ಲಿಸುವವನಿಗೆ ಅಪ್ಪಣೆ ಕೊಡುವ ಪದ್ಧತಿ ನಮ್ಮ ಶಾಸನಗಳಷ್ಟೇ ಹಳೆಯದು. ಕೆರೆ ಕಟ್ಟಿಸಿದವನಿಗೆ, ಒಡೆದ ಕೆರೆಯನ್ನು ಸರಿಪಡಿಸಿದವನಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ಕಟ್ಟುಕೊಡಗೆ, ಕೆರೆಗೊಡಗೆ, ಬಿತ್ತುವಟ್ಟ ಎಂಬ ಹೆಸರುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಈ ದತ್ತಿಯಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಅದು ಬರಿಯ ಬಹುಮಾನವಲ್ಲ. ಕೆರೆಯ ಪಾಲನೆಯ ಹೊಣೆಯೂ ಅದರೊಡನೆ ಬರುತ್ತಿತ್ತು. ಹೂಳೆತ್ತಬೇಕು, ಏರಿ ಕಾಯಬೇಕು, ತೂಬು ನೋಡಬೇಕು. ನೀರು ಕಟ್ಟುವ ಹಕ್ಕು ವರ್ಷವರ್ಷವೂ ದುಡಿಮೆಯಿಂದ ನವೀಕರಣಗೊಳ್ಳುತ್ತಿತ್ತೆನ್ನಬಹುದು. ಮುಂದೆ ಆಡಳಿತದ ಭಾಷೆ ಬದಲಾಯಿತು. ಸನದು, ರಹದಾರಿ, ಪರವಾನಗಿ ಎಂಬ ಮಾತುಗಳು ಹೊರಗಿನ ದರ್ಬಾರುಗಳಿಂದ ಬಂದವು; ಲೈಸೆನ್ಸು ಇಂಗ್ಲಿಷರೊಡನೆ ಬಂತು. ಮಾತು ಬದಲಾದಂತೆ ಅದರೊಳಗಿನ ಹೊಣೆಯೂ ಮೆಲ್ಲಗೆ ಸೋರಿಹೋಯಿತೇ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಕಾಲದ ಆಟ ನೋಡಿ. ಬಿ. ಎಲ್. ರೈಸರು ಹಾಸನ ಜಿಲ್ಲೆಯ ಶಾಸನಗಳನ್ನು ಕೂಡಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ಪ್ರಕಟಿಸಿದ್ದು 1902ರಲ್ಲಿ. ಸಕಲೇಶಪುರ ತಾಲ್ಲೂಕಿಗೆ ಆಗ ಮಂಜರಾಬಾದ್ ಎಂದೇ ಹೆಸರು. ಕೆರೆಗೊಡಗೆಯ ಹಳೆಯ ಅಪ್ಪಣೆಗಳು ಅಚ್ಚಾಗಿ ಹೊರಬಂದ ಆ ವರ್ಷವೇ, ಜೂನ್ 30ರಂದು, ಶಿವನಸಮುದ್ರದ ವಿದ್ಯುತ್ತು 92 ಮೈಲಿಗಳ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರ ವಿದ್ಯುತ್ತನ್ನು ಒಯ್ದ ಮಾರ್ಗ ಆ ದಿನಗಳಲ್ಲಿ ಪ್ರಪಂಚದಲ್ಲೇ ಅಪರೂಪ. ಯೋಜನೆಯ ಹಿಂದಿದ್ದ ಎಂಜಿನಿಯರು ಜೋಲಿ ಡಿ ಲಾಟ್‌ಬಿನಿಯೇರ್. ಅದಕ್ಕೆ ಒತ್ತಾಸೆಯಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಹಿಂದಿನ ವರ್ಷವೇ ತೀರಿಕೊಂಡು, ಆ ದಿನವನ್ನು ಕಾಣದೆ ಹೋದರು.

ಶಿವನಸಮುದ್ರದಲ್ಲಿ ಬೇಕಾಗಿದ್ದ ಅಪ್ಪಣೆ ಯಾವ ಬಗೆಯದು? ಕಾವೇರಿಯ ಒಂದು ದಂಡೆ ಮೈಸೂರಿನದು; ಇನ್ನೊಂದು ದಂಡೆಯ ಕೊಳ್ಳೇಗಾಲ ಆಗ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೊಸ ನೀರಾವರಿ ಕೆಲಸಗಳಿಗೆ ಮದ್ರಾಸಿನ ಮುನ್‌ಸಮ್ಮತಿ ಬೇಕೆಂಬ ಒಡಂಬಡಿಕೆ 1892ರಲ್ಲೇ ಆಗಿತ್ತು. ಬೆಂಗಳೂರಿನ ರೆಸಿಡೆಂಟರ ಮೂಲಕವಲ್ಲದೆ ಹಿಂದೂಸ್ಥಾನ ಸರಕಾರದೊಡನೆ ಮೈಸೂರಿಗೆ ಮಾತಿಲ್ಲ. ಹೀಗೆ ವಿದ್ಯುತ್ತಿನ ಮೊದಲ ಅಪ್ಪಣೆ ರಾಜ್ಯರಾಜ್ಯಗಳ ನಡುವಣ ವ್ಯವಹಾರವಾಗಿತ್ತು. ನದಿ ಯಾರದು ಎಂಬುದೊಂದೇ ಅಲ್ಲಿನ ಪ್ರಶ್ನೆ. ದಂಡೆಯ ಮೇಲೆ ವಾಸಿಸುವ ಬೆಸ್ತನನ್ನೋ ಒಕ್ಕಲಿಗನನ್ನೋ ಕೇಳಬೇಕೆಂಬುದು ಆ ಕಾಲದ ಕಲ್ಪನೆಯಲ್ಲೇ ಇರಲಿಲ್ಲ. ಬೆಳಕು ಮೊದಲು ಹೋದದ್ದೂ ಗಣಿಗೆ. ರಾಜಧಾನಿಯಲ್ಲದಿದ್ದರೂ ರಾಜ್ಯದ ಆಡಳಿತ ಕೇಂದ್ರವಾಗಿದ್ದ ಬೆಂಗಳೂರಿನ ಬೀದಿಗೆ ಅದು ಬಂದದ್ದು ಮೂರು ವರ್ಷ ಕಳೆದು, 1905ರಲ್ಲಿ.

ಶಿವನಸಮುದ್ರದ ಚಕ್ರಗಳು ಬೇಸಗೆಯಲ್ಲೂ ತಿರುಗಬೇಕಾದರೆ ಮೇಲೊಂದು ಜಲಾಶಯ ಬೇಕು. ಕನ್ನಂಬಾಡಿ ಕಟ್ಟೆಗೆ ಇದ್ದ ಒಂದು ಮುಖ್ಯ ಕಾರಣ ಅದು. 1911ರಲ್ಲಿ ಕೆಲಸ ಆರಂಭವಾದಾಗ ಮೈಸೂರಿಗೆ ದೊರೆತ ಅಪ್ಪಣೆ 80 ಅಡಿ ಎತ್ತರದ ಕಟ್ಟೆಗೆ ಮಾತ್ರ. ವಿಶ್ವೇಶ್ವರಯ್ಯನವರು ಅಸ್ತಿಭಾರವನ್ನು ಹಾಕಿಸಿದ್ದು 124 ಅಡಿಯ ಕಟ್ಟೆಗೆ ಸಾಲುವಷ್ಟು ಅಗಲವಾಗಿ. ಕಾಗದದ ಮೇಲಿನ ಅಪ್ಪಣೆ ಒಂದು, ನೆಲದ ಮೇಲಿನ ಕಲ್ಲು ಹೇಳುವ ಮಾತು ಇನ್ನೊಂದು. ಮದ್ರಾಸು ಆಕ್ಷೇಪಿಸಿತು, 1914ರಲ್ಲಿ ನ್ಯಾಯಮೂರ್ತಿ ಗ್ರಿಫಿನ್ನರ ಮಧ್ಯಸ್ಥಿಕೆಯ ತೀರ್ಪು ಬಂತು, ಅದೂ ನಿಲ್ಲದೆ 1924ರ ಒಪ್ಪಂದಕ್ಕೆ ದಾರಿಯಾಯಿತು. 50 ವರ್ಷಗಳಾದ ಮೇಲೆ ಕೆಲವು ಅಂಶಗಳನ್ನು ಮರುಪರಿಶೀಲಿಸಬೇಕೆಂದು ಅದರಲ್ಲಿ ಬರೆದಿತ್ತು. 1974 ಬಂತು, ಮರುಪರಿಶೀಲನೆ ಹೊಂದಿಕೆಯಾಗಲಿಲ್ಲ. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ಣಯ. ಒಂದು ಒಪ್ಪಂದದ ಅವಧಿ ಮುಗಿದಾಗ ಅದನ್ನು ಹೇಗೆ ನವೀಕರಿಸಬೇಕೆಂದು ತಿಳಿಯದೆ ನಾವು ಕಳೆದ ಕಾಲ 44 ವರ್ಷ.

ಈ ಜಗಳದ ಬಿಸಿ ನಮ್ಮ ಹೇಮಾವತಿಗೂ ತಗುಲಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರಹದಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಗೊರೂರಿನಲ್ಲಿ ಎದ್ದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅಂತರರಾಜ್ಯ ವಿವಾದದಿಂದಾಗಿ ಯೋಜನಾ ಆಯೋಗದ ಒಪ್ಪಿಗೆ ದೊರೆಯದೆ, ಹೇಮಾವತಿ, ಕಬಿನಿ, ಹಾರಂಗಿ, ಸುವರ್ಣಾವತಿಗಳನ್ನು ರಾಜ್ಯವು ಯೋಜನೇತರವಾಗಿ ತನ್ನದೇ ಹಣದಿಂದ ಕಟ್ಟಿಕೊಂಡಿತು. ಅದು ನೀರಾವರಿಯ ಕಟ್ಟೆ, ವಿದ್ಯುತ್ತಿನದಲ್ಲ. ಆದರೂ ಒಂದು ಸತ್ಯವನ್ನು ಅದು ತೋರಿಸಿಕೊಟ್ಟಿತು. ಬೇಡಿಕೆ ಬಲವಾಗಿದ್ದರೆ ಅಪ್ಪಣೆ ಬಾರದಿದ್ದರೂ ಕಟ್ಟೆ ಏಳುತ್ತದೆ. ಎದ್ದ ಮೇಲೆ ಅದನ್ನು ಯಾರೂ ಕೇಳುವುದಿಲ್ಲ.

ಇನ್ನು ಲೈಸೆನ್ಸಿನ ಕಥೆ. ಬ್ರಿಟಿಷ್ ಹಿಂದೂಸ್ಥಾನದಲ್ಲಿ 1903ರ ಕಾಯ್ದೆಯ ಸ್ಥಾನದಲ್ಲಿ 1910ರಲ್ಲಿ ಹೊಸ ವಿದ್ಯುಚ್ಛಕ್ತಿ ಕಾಯ್ದೆ ಬಂತು. ಊರಿಗೆ ದೀಪ ಒದಗಿಸುವ ಕಂಪನಿ ಸರಕಾರದಿಂದ ಲೈಸೆನ್ಸು ಪಡೆಯಬೇಕು, ಲೈಸೆನ್ಸಿಗೆ ಅವಧಿಯುಂಟು, ಅವಧಿ ಮುಗಿದಾಗ ಆ ಉದ್ಯಮವನ್ನು ಕೊಂಡುಕೊಳ್ಳುವ ಹಕ್ಕು ಸ್ಥಳೀಯ ಸಂಸ್ಥೆಗೆ ಅಥವಾ ಸರಕಾರಕ್ಕೆ ಉಂಟು. ಆಳುವವರು ಪರಕೀಯರೇ ಆಗಿದ್ದರೂ ಈ ಏರ್ಪಾಟಿನ ಒಳಗೆ ವಿವೇಕವಿತ್ತು. ಬೀದಿ ಅಗೆದು ಕಂಬ ನೆಡುವವನು ಊರಿನ ಸ್ವತ್ತನ್ನು ಬಳಸುತ್ತಾನೆ; ಆದಕಾರಣ ಊರು ಅವನನ್ನು ಆಗಾಗ ಮತ್ತೆ ಮಾತಾಡಿಸಬೇಕು. ಆದರೆ ಈ ಲೈಸೆನ್ಸಿನ ಕಣ್ಣಿಗೆ ಬಿದ್ದದ್ದು ತಂತಿ, ಕಂಬ, ದರ. ನದಿ ಅದರ ಕಣ್ಣಿಗೆ ಬೀಳಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯ್ದೆ ರಾಜ್ಯಗಳಲ್ಲಿ ವಿದ್ಯುತ್ ಮಂಡಳಿಗಳಿಗೆ ಹಾದಿ ಮಾಡಿತು. ಮೈಸೂರು ರಾಜ್ಯದ ಮಂಡಳಿ 1957ರಲ್ಲಿ ಹುಟ್ಟಿತು. ದೊಡ್ಡ ಯೋಜನೆಗಳಿಗೆ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ ಸಹಮತಿ ಬೇಕೆಂದಾಯಿತು. ಅಪ್ಪಣೆ ಬೇಡುವವರೂ ಸರಕಾರ, ಕೊಡುವವರೂ ಸರಕಾರ. ಎಂಜಿನಿಯರಿನ ಲೆಕ್ಕ ಸರಿಯಿದೆಯೇ, ವೆಚ್ಚ ಮಿತದಲ್ಲಿದೆಯೇ ಎಂಬುದೇ ಪರೀಕ್ಷೆ. ಕೈಗಾರಿಕೆ ಬೆಳೆಯಬೇಕು, ಹಳ್ಳಿಗೆ ಬೆಳಕು ಬರಬೇಕು ಎಂಬ ಹಂಬಲ ಆ ತಲೆಮಾರಿನದು. ಆ ಹಂಬಲವನ್ನು ನಾವು ಇಂದು ಹಗುರವಾಗಿ ನೋಡಲಾಗದು. ಸೀಮೆಎಣ್ಣೆಯ ಬುಡ್ಡಿಯ ಮುಂದೆ ಓದಿದವರಿಗೆ ವಿದ್ಯುದ್ದೀಪದ ಬೆಲೆ ಗೊತ್ತು.

ಆ ಹಂಬಲದ ಮಹಾಕೃತಿ ಶರಾವತಿ. 1940ರ ದಶಕದಲ್ಲಿ ಜೋಗದ ವಿದ್ಯುದಾಗಾರಕ್ಕಾಗಿ ಹಿರೇಭಾಸ್ಕರದಲ್ಲಿ ಅಣೆಕಟ್ಟು ಕಟ್ಟಿದರು. ಎರಡು ದಶಕ ತುಂಬುವ ಮೊದಲೇ, 1964ರಲ್ಲಿ, ಅದಕ್ಕಿಂತ ದೊಡ್ಡದಾದ ಲಿಂಗನಮಕ್ಕಿ ಎದ್ದು, ಹಳೆಯ ಅಣೆಕಟ್ಟನ್ನೇ ನೀರಿನಡಿಗೆ ತಳ್ಳಿತು. ಬರಗಾಲದಲ್ಲಿ ನೀರು ಇಳಿದಾಗ ಆ ಹಳೆಯ ಕಟ್ಟೆ ಇಂದಿಗೂ ತಲೆಯೆತ್ತಿ ನೋಡುತ್ತದೆ. ಕಟ್ಟೆಯ ಗತಿಯೇ ಹೀಗಾದರೆ ಹಳ್ಳಿಗಳ ಗತಿ ಹೇಳುವುದೇನು? ಆ ಯೋಜನೆಯ ನೆಲದಲ್ಲೇ ನೌಕರಿ ಮಾಡಿದ ನಾ. ಡಿ'ಸೋಜ ಅವರು ‘ಮುಳುಗಡೆ’, ‘ದ್ವೀಪ’ಗಳಲ್ಲಿ ಆ ಬಾಳನ್ನು ಕನ್ನಡಕ್ಕೆ ತಂದರು. ಇದರಲ್ಲಿ ಒಂದು ಕ್ರೂರವಾದ ವಿಪರ್ಯಾಸವುಂಟು. ಕಣಿವೆಯನ್ನು ಮುಳುಗಿಸುವ ಅಪ್ಪಣೆ ಕೆಲವೇ ವರ್ಷಗಳಲ್ಲಿ ದೊರೆಯಿತು. ಮುಳುಗಿದವರು ಎದ್ದು ಹೋಗಿ ನೆಲೆಸಿದ ಕಾಡಂಚಿನ ಭೂಮಿಯ ಹಕ್ಕುಪತ್ರದ ಅಪ್ಪಣೆ ಮಾತ್ರ 60 ವರ್ಷ ದಾಟಿದ ಮೇಲೂ ಎಲ್ಲರಿಗೂ ಪೂರ್ತಿಯಾಗಿ ದೊರೆತಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ನಡುವೆ ಬಂದು, ಕೇಂದ್ರದ ಅನುಮತಿಯಿಲ್ಲದೆ ಕಾಡಿನ ನೆಲ ಕೊಡುವಂತಿಲ್ಲವೆಂದಿತು. ಕಾಡನ್ನು ಉಳಿಸಲೆಂದು ಬಂದ ಕಾನೂನು, ಕಾಡು ಮುಳುಗಿದ ಮೇಲೆ ಬಂದು, ಮುಳುಗಿದವರನ್ನೇ ತಡೆಯಿತು.

ಆದರೂ 1980 ಒಂದು ತಿರುವು. ಅದುವರೆಗಿನ ಅಪ್ಪಣೆ ನದಿ ಯಾರದು, ವೆಚ್ಚವೆಷ್ಟು ಎಂದು ಕೇಳುತ್ತಿತ್ತು. ಇನ್ನು ಮುಂದೆ ಹಾನಿಯೆಷ್ಟು ಎಂದೂ ಕೇಳಲೇಬೇಕಾಯಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. ಅದರಡಿ 1994ರಲ್ಲಿ, ಮತ್ತೆ 2006ರಲ್ಲಿ, ಪರಿಸರ ಪರಿಣಾಮದ ಅಧ್ಯಯನವನ್ನು ಕಡ್ಡಾಯಗೊಳಿಸಿದ ಅಧಿಸೂಚನೆಗಳು. ಯೋಜನೆಯ ಸ್ಥಳದಲ್ಲೇ ಸಾರ್ವಜನಿಕ ಅಹವಾಲು ನಡೆಸಬೇಕೆಂಬ ವಿಧಿ. ಬೆಸ್ತನೂ ಒಕ್ಕಲಿಗನೂ ಚರಿತ್ರೆಯಲ್ಲಿ ಮೊದಲ ಬಾರಿಗೆ ಅಪ್ಪಣೆಯ ಕಡತದೊಳಗೆ ಹೆಸರು ಬರೆಸುವಂತಾದದ್ದು ಹೀಗೆ.

ಈ ಹೊಸ ಅಪ್ಪಣೆಯ ಪರೀಕ್ಷೆ ನಡೆದದ್ದು ನಮ್ಮ ತಾಲ್ಲೂಕಿನಲ್ಲೇ. ಕರ್ನಾಟಕ ವಿದ್ಯುತ್ ನಿಗಮದ ಗುಂಡ್ಯ ಯೋಜನೆ ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಬೆಟ್ಟಕುಂಬರಿ ಮೊದಲಾದ ತೊರೆಗಳನ್ನು ಸುರಂಗಗಳಿಂದ ಒಂದುಗೂಡಿಸಿ, ಒಟ್ಟು 400 ಮೆಗಾವಾಟ್, ಮೊದಲ ಹಂತದಲ್ಲಿ 200 ಮೆಗಾವಾಟ್ ವಿದ್ಯುತ್ ಪಡೆಯುವ ಉದ್ದೇಶದ್ದು. ನಿಗಮದ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಸಂಜೆಯ ಹೊತ್ತು ಬೇಡಿಕೆ ಏರಿದಾಗ ಕ್ಷಣದಲ್ಲಿ ಚಾಲೂ ಮಾಡಬಹುದಾದದ್ದು ಜಲವಿದ್ಯುತ್ತು. ಅದರಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ. ಬೇಡವೆಂದರೆ ಆ ಹೊರೆ ಕಲ್ಲಿದ್ದಲಿನ ಮೇಲೆ ಬೀಳುತ್ತದೆ. ಕಲ್ಲಿದ್ದಲೂ ನಮ್ಮ ಘಟ್ಟವನ್ನು ಬಿಡುವುದಿಲ್ಲ. ಕರಾವಳಿಯ ನಂದಿಕೂರಿನ ಉಷ್ಣ ಸ್ಥಾವರದಿಂದ ಹಾಸನದ ಶಾಂತಿಗ್ರಾಮಕ್ಕೆ ಬರುವ 400 ಕಿಲೋವೋಲ್ಟಿನ ಮಾರ್ಗವೂ ಇದೇ ಕಾಡನ್ನು ಸೀಳಿಕೊಂಡು ಹತ್ತಬೇಕಾಯಿತು.

ಎದುರು ವಾದದ ಸಾಕ್ಷಿಗಳು ಕೆಲವು ಬಹಳ ಚಿಕ್ಕವು. ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ, ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕ ಸಿ. ಆರ್. ನಾರಾಯಣರಾಯರು 1937ರಲ್ಲಿ ಕೆಂಪುಹೊಳೆಯ ಕಾಡಿನ ಕಪ್ಪೆಯೊಂದನ್ನು ವರ್ಣಿಸಿ, ಅದಕ್ಕೆ ಆ ಹೊಳೆಯ ಹೆಸರನ್ನೇ ಇಟ್ಟರು. 1986ರಲ್ಲಿ ಫ್ರಾನ್ಸಿನ ವಿಜ್ಞಾನಿ ದ್ಯುಬ್ವಾ ಮತ್ತೊಂದು ಕಪ್ಪೆಗೆ ಗುಂಡ್ಯದ ಹೆಸರಿಟ್ಟರು. ಪ್ರಪಂಚದ ವಿಜ್ಞಾನದ ದಾಖಲೆಯಲ್ಲಿ ನಮ್ಮ ಹೊಳೆಗಳು ಸೇರಿದ್ದು ಈ ಕಪ್ಪೆಗಳಿಂದ. ಮಳೆಗಾಲದ ರಾತ್ರಿ ವಟಗುಟ್ಟುವ ಪ್ರಾಣಿಯೆಂದು ನಗಬಹುದು. ಆದರೆ ಒಂದೇ ಕಣಿವೆಯ ತೇವವನ್ನು ನಂಬಿ ಬದುಕುವ ಜೀವಕ್ಕೆ ಬೇರೆ ಕಣಿವೆಯಲ್ಲಿ ಪುನರ್ವಸತಿಯಿಲ್ಲ. ದೊಡ್ಡ ಸಾಕ್ಷಿಗಳೂ ಉಂಟು. ಆಲೂರು, ಸಕಲೇಶಪುರಗಳ ಕಾಫಿತೋಟಗಳಲ್ಲಿ ಆನೆಗಳು ಅಲೆಯುತ್ತಿರುವುದನ್ನು ಎಲ್ಲರೂ ಬಲ್ಲರು. ಕಾಡು ತುಂಡಾದಷ್ಟೂ ಆ ಅಲೆದಾಟ ಹೆಚ್ಚುತ್ತದೆ. ಅದಕ್ಕೆ ಜನ ತೆರುವ ಬೆಲೆಯೂ ಹೆಚ್ಚುತ್ತದೆ.

2010ರಲ್ಲಿ ಕೇಂದ್ರ ಸರಕಾರ ನೇಮಿಸಿದ ಪಶ್ಚಿಮಘಟ್ಟ ತಜ್ಞರ ಸಮಿತಿ, ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ, 2011ರ ಆಗಸ್ಟಿನಲ್ಲಿ ವರದಿ ಒಪ್ಪಿಸಿ, ಗುಂಡ್ಯ ಯೋಜನೆಗೆ ಅನುಮತಿ ಕೊಡಬಾರದೆಂದು ಸೂಚಿಸಿತು. 2013ರ ಏಪ್ರಿಲಿನಲ್ಲಿ ಕಸ್ತೂರಿರಂಗನ್ ಸಮಿತಿ, ಹಾನಿಯ ಮರುಪರಿಶೀಲನೆ ಆಗುವವರೆಗೆ ಯೋಜನೆ ಮುಂದುವರಿಯಕೂಡದೆಂದಿತು. ಒಂದು ವರದಿಯ ಮೇಲೆ ಇನ್ನೊಂದು ವರದಿ, 2014ರಿಂದೀಚೆಗೆ ಒಂದು ಕರಡು ಅಧಿಸೂಚನೆಯ ಮೇಲೆ ಇನ್ನೊಂದು ಕರಡು. 2024ರ ಜುಲೈನಲ್ಲಿ ಬಂದದ್ದು ಆರನೆಯದು. ತಮ್ಮ ಮನೆ ತೋಟಗಳ ಮೇಲೆಯೇ ಕಟ್ಟುಪಾಡು ಬೀಳುವುದೆಂದು ಹೆದರಿದ ರೈತರ ಆತಂಕವೂ ಸುಳ್ಳಲ್ಲ. ಬೆಟ್ಟಕುಂಬರಿಯಲ್ಲಿ ಮಾತ್ರ ಅಣೆಕಟ್ಟು ಏಳಲಿಲ್ಲ.

ಹೀಗೆ ದೊಡ್ಡ ಯೋಜನೆ ನಿಂತಿತೆಂದು ಸಮಾಧಾನಪಡುವ ಹಾಗಿಲ್ಲ. ಅಪ್ಪಣೆಯ ಬೇಲಿಯಲ್ಲಿ ಎರಡು ಕಂಡಿಗಳಿದ್ದವು. ಮೊದಲನೆಯದು ಗಾತ್ರದ ಕಂಡಿ. 2006ರ ಅಧಿಸೂಚನೆಯ ಪ್ರಕಾರ 25 ಮೆಗಾವಾಟಿಗಿಂತ ಕಡಿಮೆಯ ಜಲವಿದ್ಯುತ್ ಯೋಜನೆಗೆ ಪರಿಸರ ಅನುಮತಿಯೇ ಬೇಡ. ಸಣ್ಣದೆಂಬ ಕಾರಣಕ್ಕೆ ಅದು ನಿರಪಾಯವೆಂಬ ಭಾವನೆ. ಘಟ್ಟದ ತಪ್ಪಲಿನಲ್ಲಿ ಕಿರುಜಲವಿದ್ಯುತ್ ಯೋಜನೆಗಳು ಮೊಳೆತವು. ಅವುಗಳಲ್ಲಿ ಕೆಲವದರ ಸಾಮರ್ಥ್ಯ 24.75 ಮೆಗಾವಾಟ್. ಗೆರೆಗೆ ಕೂದಲೆಳೆಯಷ್ಟು ಈಚೆ! ಒಂದು ಹೊಳೆಯ ಮೇಲೆ ಅಂಥ ನಾಲ್ಕು ಕೂತರೆ ಹೊಳೆಗೆ ಆಗುವುದು ನೂರು ಮೆಗಾವಾಟಿನ ಗಾಯ. ಕಾನೂನಿನ ಕಣ್ಣಿಗೆ ಕಾಣುವುದು ನಾಲ್ಕು ಸಣ್ಣ ಗೀರು. ಕಣಿವೆಯನ್ನು ಒಟ್ಟಾಗಿ ನೋಡುವ ಕಣ್ಣು ಆ ವಿಧಿಯಲ್ಲಿ ಇರಲಿಲ್ಲ.

ಎರಡನೆಯದು ಹೆಸರಿನ ಕಂಡಿ. ವಿದ್ಯುತ್ತಿಗೆಂದು ಗುರುತಿಸಿದ್ದ ಎತ್ತಿನಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆಗೆ 2012ರಲ್ಲಿ ರಾಜ್ಯದ ಮಂಜೂರಾತಿ ದೊರೆಯಿತು. 24.01 ಟಿ.ಎಂ.ಸಿ. ನೀರು; ಕುಡಿಯುವ ನೀರಿನ ಯೋಜನೆಯೆಂಬ ಹೆಸರು. ಕುಡಿಯುವ ನೀರಿಗೆ ಪರಿಸರ ಅನುಮತಿ ಬೇಕಿಲ್ಲ. 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಕ್ಷೇಪಣೆಗಳನ್ನು ತಳ್ಳಿಹಾಕಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಮೊದಲ ಹಂತ ಚಾಲನೆಗೊಂಡಿತು. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ನಿಜವಾದದ್ದು. ಅದನ್ನು ಅಲ್ಲಗಳೆಯುವ ಎದೆ ಯಾರಿಗೂ ಇರಕೂಡದು. ಆದರೂ ಚರಿತ್ರೆಯ ವಿದ್ಯಾರ್ಥಿಗೆ ಒಂದು ವಿಚಿತ್ರ ಕಾಣುತ್ತದೆ. ಇಳಿದು ಬಂದು ವಿದ್ಯುತ್ತು ಕೊಡಬೇಕಾಗಿದ್ದ ನೀರು ಈಗ ವಿದ್ಯುತ್ತನ್ನು ಬಳಸಿಕೊಂಡು ಮೇಲಕ್ಕೆ ಹತ್ತುತ್ತಿದೆ. 1902ರಲ್ಲಿ ಕಾವೇರಿಯ ಬೆಳಕು ಕೋಲಾರಕ್ಕೆ ಹೋಯಿತು; ಈಗ ಘಟ್ಟದ ನೀರು ಅತ್ತ ಹೊರಟಿದೆ. ಎರಡು ಸಲವೂ ಹೊಳೆಯ ದಂಡೆಯವರ ಮಾತಿಗೆ ದೊರೆತ ತೂಕ ಕಡಿಮೆಯೇ.

ಮಾತಿನ ತೂಕವೆಂದಾಗ ಭಾಷೆಯ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಸಾಹಿತ್ಯಾಸಕ್ತರಾದ ತಮಗೆ ಅದು ಮುಖ್ಯವೂ ಹೌದು. ಪರಿಸರ ಪರಿಣಾಮದ ವರದಿ ನೂರಾರು ಪುಟಗಳದು, ಇಂಗ್ಲಿಷಿನಲ್ಲಿ. ಅಹವಾಲಿಗೆ ಬರುವ ಜನರಿಗೆ ಅವರ ಭಾಷೆಯಲ್ಲಿ ಕಡ್ಡಾಯವಾಗಿ ದೊರೆಯಬೇಕಾದ್ದು ಅದರ ಸಾರಾಂಶ ಮಾತ್ರ. ತನ್ನ ಗದ್ದೆ ಯಾವ ಪುಟದಲ್ಲಿ ಮುಳುಗಿದೆಯೆಂದು ಹೊಂಗಡಹಳ್ಳದ ರೈತ ಓದಿ ತಿಳಿಯುವಂತಿಲ್ಲ. 2020ರಲ್ಲಿ ಕೇಂದ್ರವು ಹೊಸ ಅಧಿಸೂಚನೆಯ ಕರಡನ್ನು ಹೊರಡಿಸಿದಾಗ ಈ ಪ್ರಶ್ನೆ ನ್ಯಾಯಾಲಯ ಮುಟ್ಟಿತು. ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಿಗೆಲ್ಲ ಅದನ್ನು ಅನುವಾದಿಸಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯ ಆ ಜೂನ್ 30ರಂದು ಆದೇಶಿಸಿತು. ಪ್ರಾದೇಶಿಕ ಭಾಷೆಯಲ್ಲಿ ಸಾಕಷ್ಟು ಪ್ರಚಾರವಾಗಿಲ್ಲವೆಂದು ಕರ್ನಾಟಕದ ಉಚ್ಚ ನ್ಯಾಯಾಲಯ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಕೆರೆಗೊಡಗೆಯ ಶಾಸನವನ್ನು ಊರ ಮುಂದಿನ ಕಲ್ಲಿನಲ್ಲಿ, ಊರ ಭಾಷೆಯಲ್ಲಿ ಕೆತ್ತಿಸುತ್ತಿದ್ದರು. ಎಂಟುನೂರು ವರ್ಷಗಳ ಹಿಂದೆ ನಮ್ಮ ಹಳ್ಳಿಗೆ ಸಂದ ಮರ್ಯಾದೆಗಾಗಿ ಇಂದು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿದೆ.

ಕೊನೆಯದಾಗಿ ನವೀಕರಣದ ಪ್ರಶ್ನೆ. ನಮ್ಮಲ್ಲಿ ಅವಧಿಯುಳ್ಳ ಅಪ್ಪಣೆಗಳು ಇಲ್ಲವೆಂದಲ್ಲ. ಕೈಗಾದ ಅಣುವಿದ್ಯುತ್ ಸ್ಥಾವರವನ್ನೇ ತೆಗೆದುಕೊಳ್ಳಿ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ನಿಂತು ಪರಿಸರದ ಮಾತನ್ನು ಮತದಾರರ ಮುಂದಿಟ್ಟದ್ದು ಆ ನೆಲದಲ್ಲಿ. ಅವರು ಸೋತರು. 1994ರ ಮೇ 13ರಂದು, ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಭಾಗ ಕುಸಿಯಿತು. ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. 2000ದಲ್ಲಿ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಅಣುಶಕ್ತಿ ನಿಯಂತ್ರಣ ಮಂಡಳಿ ಕೊಡುವ ಚಾಲನಾ ಪರವಾನಗಿ ಅವಧಿಗೆ ಸೀಮಿತವಾದದ್ದು. ಅವಧಿ ಮುಗಿಯುವ ಮೊದಲು ಸುರಕ್ಷತೆಯ ಪರಿಶೀಲನೆ ನಡೆದು ನವೀಕರಣವಾಗಬೇಕು. ಆ ಪರಿಶೀಲನೆಯಲ್ಲಿ ಜನರಿಗೆ ಇನ್ನೂ ಹೆಚ್ಚು ಪಾಲಿರಬೇಕೆಂದು ಬಯಸುವವರಲ್ಲಿ ನಾನೂ ಒಬ್ಬ. ಆದರೂ ಮತ್ತೆ ಕೇಳಬೇಕೆಂಬ ತತ್ತ್ವ ಅಲ್ಲಿದೆ.

ಅಣೆಕಟ್ಟಿಗೆ ಆ ತತ್ತ್ವ ಅನ್ವಯಿಸುವುದಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆ ವಿದ್ಯುತ್ತಿನ ಉತ್ಪಾದನೆಯನ್ನು ಲೈಸೆನ್ಸಿನಿಂದಲೇ ಬಿಡುಗಡೆ ಮಾಡಿತು. ನಿಗದಿತ ವೆಚ್ಚ ಮೀರಿದ ಜಲವಿದ್ಯುತ್ತಿಗೆ ಪ್ರಾಧಿಕಾರದ ಸಹಮತಿ ಉಳಿಯಿತು, ಅದೂ ಕಟ್ಟುವ ಮುನ್ನ ಒಮ್ಮೆ. ಮನೆಮನೆಗೆ ವಿದ್ಯುತ್ತನ್ನು ಹಂಚುವ ಲೈಸೆನ್ಸಿಗೆ ಅದೇ ಕಾಯ್ದೆಯಲ್ಲಿ 25 ವರ್ಷದ ಅವಧಿ. ಪರಿಸರ ಅನುಮತಿಗೂ ವರ್ಷಗಳ ಮಿತಿಯುಂಟು. ಅದು ಕಟ್ಟಿ ಮುಗಿಸುವುದಕ್ಕೆ ಹಾಕಿದ ಮಿತಿ, ನಡೆಸುವುದಕ್ಕಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಗೋಡೆ ಬಿರಿದಿದೆಯೇ, ಬಾಗಿಲು ಏಳುತ್ತದೆಯೇ ಎಂದು ನೋಡಿಸುತ್ತದೆ. ಈ ಕಟ್ಟೆ ಇನ್ನೂ ಬೇಕೇ, ಕೆಳಗಿನ ಹೊಳೆಗೆ ನೀರು ಸಾಲುತ್ತಿದೆಯೇ, ಕೊಟ್ಟ ಮಾತುಗಳು ನಡೆದಿವೆಯೇ ಎಂದು ಕೇಳುವ ದಿನವೊಂದು ಯಾವ ಪಂಚಾಂಗದಲ್ಲೂ ಗೊತ್ತಾಗಿಲ್ಲ.

ಬೇರೆಡೆ ಅಂಥ ದಿನವುಂಟು. ಅಮೆರಿಕದಲ್ಲಿ 1920ರ ಕಾಯ್ದೆಯಿಂದೀಚೆಗೆ ಖಾಸಗಿ ಜಲವಿದ್ಯುತ್ ಕಟ್ಟೆಗೆ ಕೊಡುವ ಲೈಸೆನ್ಸು 50 ವರ್ಷ ಮೀರುವಂತಿಲ್ಲ. ಮೇಯ್ನ್ ಸಂಸ್ಥಾನದ ಕೆನೆಬೆಕ್ ನದಿಗೆ 1837ರಲ್ಲಿ ಕಟ್ಟಿದ ಎಡ್ವರ್ಡ್ಸ್ ಅಣೆಕಟ್ಟಿನ ಲೈಸೆನ್ಸು ನವೀಕರಣಕ್ಕೆ ಬಂದಾಗ, ಅದು ಕೊಡುವ ಮೂರೂವರೆ ಮೆಗಾವಾಟ್ ವಿದ್ಯುತ್ತನ್ನೂ ಅದು ತಡೆದಿರುವ ಮೀನುಗಳ ಹಾದಿಯನ್ನೂ ತಕ್ಕಡಿಯಲ್ಲಿಟ್ಟು ನೋಡಿದರು. 1997ರ ನವೆಂಬರಿನಲ್ಲಿ ಕೇಂದ್ರ ಆಯೋಗ ನವೀಕರಣವನ್ನು ನಿರಾಕರಿಸಿತು. 1999ರ ಜುಲೈ 1ರಂದು ಕಟ್ಟೆಯನ್ನು ಒಡೆದರು. ಕಡಲಿನ ಮೀನುಗಳು ನದಿಯಲ್ಲಿ ಮೇಲಕ್ಕೆ ಈಜಿದವು. ಎಲ್ಲ ಕಟ್ಟೆಗಳನ್ನೂ ಒಡೆಯಬೇಕೆಂದು ಇದರ ಅರ್ಥವಲ್ಲ. ಅಲ್ಲಿಯೂ ಬಹುತೇಕ ಲೈಸೆನ್ಸುಗಳು ನವೀಕರಣಗೊಳ್ಳುತ್ತವೆ. ಆದರೆ ಹೊಳೆಗೆ ಇಷ್ಟು ನೀರು ಬಿಡಬೇಕು, ಮೀನಿಗೆ ದಾರಿ ಮಾಡಬೇಕು ಎಂಬ ಹೊಸ ಷರತ್ತುಗಳೊಡನೆ. ಮರಳಿ ಕೇಳುವ ದಿನ ಗೊತ್ತಿದ್ದರೆ ನಡೆಸುವವನಿಗೂ ಎಚ್ಚರ, ದಂಡೆಯವರಿಗೂ ಭರವಸೆ.

ನಮಗೆ ಬೇಕಾದದ್ದು ಇಂಥ ಮೂರು ಸಂಗತಿಗಳೆಂದು ನನ್ನ ನಮ್ರ ಭಾವನೆ. ಅಪ್ಪಣೆಯ ಕಾಗದ ಪೂರ್ತಿಯಾಗಿ ಕನ್ನಡದಲ್ಲಿರಬೇಕು. ಒಂದು ಕಟ್ಟೆಗಲ್ಲ, ಒಂದು ಕಣಿವೆಗೆ ಒಟ್ಟಾಗಿ ಲೆಕ್ಕ ಹಾಕಬೇಕು. ಮತ್ತು ಆ ಅಪ್ಪಣೆಗೆ ಅವಧಿ ಇರಬೇಕು. ಅವಧಿ ಮುಗಿದಾಗ ಊರಿನ ಮುಂದೆ ಬಂದು ಲೆಕ್ಕ ಒಪ್ಪಿಸಬೇಕು. ಇವುಗಳಲ್ಲಿ ಯಾವುದೂ ಈ ನೆಲಕ್ಕೆ ಹೊಸದಲ್ಲ. ಬಿತ್ತುವಟ್ಟದ ಭೂಮಿಯನ್ನು ಉಣ್ಣುವವನು ಕೆರೆಯ ಹೂಳನ್ನು ಎತ್ತಲೇಬೇಕಾಗಿತ್ತು.

ಮಲೆನಾಡಿನಲ್ಲಿ ಇನ್ನೂ ಹೊಳೆಗಳಿವೆ. ನಾಡಿಗೆ ಇನ್ನೂ ವಿದ್ಯುತ್ತು ಬೇಕಾಗಿದೆ. ಆದ್ದರಿಂದ ಇಂದಲ್ಲ ನಾಳೆ ಯಾವುದಾದರೂ ಪಂಚಾಯತಿಯ ಗೋಡೆಗೆ ಅಹವಾಲಿನ ಚೀಟಿಯೊಂದು ಅಂಟಿಕೊಳ್ಳುತ್ತದೆ. ಪೇಟೆಯಲ್ಲಿ ಕುಳಿತು ಓದಬಲ್ಲವರು ಅಂದು ಮೂವತ್ತು ದಿನಗಳೊಳಗೆ ಆ ಇಂಗ್ಲಿಷ್ ವರದಿಯನ್ನು ತರಿಸಿಕೊಂಡು, ನಾಲ್ಕು ಪುಟಗಳನ್ನಾದರೂ ಕನ್ನಡಕ್ಕೆ ತಿರುಗಿಸಿ, ದಂಡೆಯವರ ಕೈಗೆ ಕೊಟ್ಟರೆ ಸಾಕು. ನಮ್ಮ ಭಾಷೆ ಮಾಡಬಹುದಾದ ಕೆಲಸಗಳಲ್ಲಿ ಅದೂ ಒಂದು.